ಯಾರಿಗೆ ಮಾರೋಣ? – ಗಿರಾಕಿಗಳ ಪಟ್ಟಿ ತಯಾರಿಸುವ ಕ್ರಮ



ಕೊಯ್ಲು ಮುಗಿದು ಕಣದಲ್ಲಿ ಒಣಗಿದ ಕಾಫಿ ಚೀಲ ಸೇರಿ, ಸುಲಿದ ಅಡಿಕೆ ಅಟ್ಟ ಏರಿದ ಮೇಲೆ ನಮ್ಮ ಸಂಘದ ಕಛೇರಿಗೆ ಬರುವ ಬೆಳೆಗಾರರು ಕೇಳುವ ಪ್ರಶ್ನೆ ಒಂದೇ: "ಇವತ್ತು ರೇಟು ಎಷ್ಟು?" ಪ್ರಶ್ನೆ ಸಹಜವಾದದ್ದೇ. ವರ್ಷವಿಡೀ ದುಡಿದವನಿಗೆ ರೇಟು ತಿಳಿಯಬೇಕೆಂಬ ಆಸೆ ಇರಬೇಡವೆ? ಆದರೆ ಇಷ್ಟು ವರ್ಷಗಳಲ್ಲಿ "ಯಾರಿಗೆ ಮಾರೋಣ?" ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ರೇಟು ನಮ್ಮ ಕೈಯಲ್ಲಿಲ್ಲ. ಯಾರಿಗೆ ಮಾರಬೇಕೆಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಕೈಯಲ್ಲಿಲ್ಲದ್ದನ್ನು ದಿನಕ್ಕೆ ಹತ್ತು ಸಲ ಕೇಳುತ್ತೇವೆ, ಕೈಯಲ್ಲಿರುವುದನ್ನು ಯೋಚಿಸುವುದಿಲ್ಲ. ಇದನ್ನು ಕುರಿತು ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ನಮಗೇಕೆ ಈ ಅಭ್ಯಾಸ ಬರಲಿಲ್ಲ?

ಇದಕ್ಕೆ ಕಾರಣ ನಮ್ಮ ಸೋಮಾರಿತನವಲ್ಲ, ನಮ್ಮ ಚರಿತ್ರೆ. ಕಾಫಿಯ ಮಟ್ಟಿಗೆ ಹೇಳುವುದಾದರೆ, 1942ರ ಕಾಫಿ ಕಾಯಿದೆಯ ಮೇಲೆ ನಿಂತ ಪೂಲ್ ವ್ಯವಸ್ಥೆಯಲ್ಲಿ ಬೆಳೆದ ಮಾಲನ್ನು ಮಂಡಳಿಗೆ ಒಪ್ಪಿಸುವುದಷ್ಟೇ ಬೆಳೆಗಾರನ ಕೆಲಸ. ಮಾರುವ ಕೆಲಸ ಮಂಡಳಿಯದು. ಹಣ ಕಂತು ಕಂತಾಗಿ ಬರುತ್ತಿತ್ತು. ತಡವಾಯಿತೆಂದು ಗೊಣಗುತ್ತಿದ್ದೆವು, ಆದರೆ ಗಿರಾಕಿಯನ್ನು ಹುಡುಕುವ ಚಿಂತೆ ನಮಗಿರಲಿಲ್ಲ. 1992ರಿಂದ ಹಂತ ಹಂತವಾಗಿ ಕಟ್ಟು ಸಡಿಲವಾಗಿ, 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಸ್ವಾತಂತ್ರ್ಯ ದೊರೆಯಿತು. ಸ್ವಾತಂತ್ರ್ಯವೇನೋ ಬಂತು, ಅದರೊಡನೆ ಬರಬೇಕಿದ್ದ ವಿದ್ಯೆ ಬರಲಿಲ್ಲ. ಪೂಲ್‌ಗೆ ಹಾಕುತ್ತಿದ್ದ ಮಾಲನ್ನು ಮನೆ ಬಾಗಿಲಿಗೆ ಲಾರಿ ತಂದವನಿಗೆ ಹಾಕತೊಡಗಿದೆವು, ಅಷ್ಟೆ.

ಅಡಿಕೆಯ ಕಥೆ ಸ್ವಲ್ಪ ಬೇರೆ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ, ಶಿವಮೊಗ್ಗದ ಮಾಮ್‌ಕೋಸ್ 1939ರಲ್ಲಿ, ಮಂಗಳೂರಿನ ಕ್ಯಾಂಪ್ಕೊ 1973ರಲ್ಲಿ ಹುಟ್ಟಿದವು. ವಾರಣಾಶಿ ಸುಬ್ರಾಯ ಭಟ್ಟರಂಥ ಹಿರಿಯರು ಕರ್ನಾಟಕ-ಕೇರಳಗಳ ಬೆಳೆಗಾರರನ್ನು ಒಟ್ಟುಗೂಡಿಸಿ ಕ್ಯಾಂಪ್ಕೊ ಕಟ್ಟಿದ್ದರಿಂದ ನಮ್ಮ ತಲೆಮಾರು ನೆಮ್ಮದಿಯಿಂದ ಅಡಿಕೆ ಮಾರಿತು. ಆದರೆ ಈ ದೊಡ್ಡ ಸಂಸ್ಥೆಗಳು ಬಲವಾಗಿ ನಿಂತದ್ದು ಹೇಗೆ? ಯಾವ ಊರಿನಲ್ಲಿ ಯಾವ ಅಡಿಕೆ ಬೇಕು, ಯಾರು ಹಣ ನಿಲ್ಲಿಸದೆ ಕೊಡುತ್ತಾರೆ ಎಂಬುದನ್ನು ಅವು ತಿಳಿದುಕೊಂಡಿದ್ದವು. ನಮ್ಮಂಥ ಸಣ್ಣ ಸಂಘಗಳು ಆ ಪಾಠವನ್ನು ಈಗ ಕಲಿಯಬೇಕಾಗಿದೆ.

ನಾವು ಮಾಡಿದ ಎರಡು ತಪ್ಪುಗಳು

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಲೇಸು.

ಮೊದಲನೆಯದು: ಕೆಲವು ವರ್ಷಗಳ ಹಿಂದೆ ಒಬ್ಬರು ನಮ್ಮ ಕಛೇರಿಗೆ ಬಂದು, ದಕ್ಷಿಣ ಭಾರತದ ಕಾಫಿ ವ್ಯವಹಾರಸ್ಥರ ಹತ್ತು ಸಾವಿರ ಹೆಸರು, ಫೋನ್ ನಂಬರುಗಳ ಪಟ್ಟಿ ಇದೆ, ತೆಗೆದುಕೊಳ್ಳಿ ಎಂದರು. ನಾವು ಹಣ ಕೊಟ್ಟು ತೆಗೆದುಕೊಂಡೆವು. ಕಛೇರಿಯ ಇಬ್ಬರು ಹುಡುಗರು ಒಂದು ತಿಂಗಳು ಕುಳಿತು ಫೋನು ಮಾಡಿದರು. ಮುಚ್ಚಿಹೋದ ಅಂಗಡಿ, ಟೀ ಸ್ಟಾಲು, ಕಾಫಿ ಯಂತ್ರ ರಿಪೇರಿ ಮಾಡುವವರು, ಒಬ್ಬರದೇ ಹೆಸರು ಮೂರು ಬಗೆಯ ಕಾಗುಣಿತದಲ್ಲಿ ಮೂರು ಸಲ – ಹೀಗಿತ್ತು ಆ ಪಟ್ಟಿ. ಬೈಸಿಕೊಂಡದ್ದೂ ಉಂಟು. ಕೊನೆಗೆ ಒಬ್ಬರು ಮಾತ್ರ ಮಾದರಿ ಕಳುಹಿಸಿ ಎಂದರು. ಅವರಿಗೆ ಬೇಕಾದದ್ದು ಪ್ಲಾಂಟೇಷನ್ 'ಎ', ನಮ್ಮ ಗೋದಾಮಿನಲ್ಲಿದ್ದದ್ದು ರೊಬಸ್ಟಾ ಚೆರಿ!

ಎರಡನೆಯದು ಇದಕ್ಕಿಂತ ದುಬಾರಿಯಾದದ್ದು. ದೂರದ ಊರಿನ ವ್ಯಾಪಾರಿಯೊಬ್ಬರು ತಾವಾಗಿಯೇ ಬಂದರು. ಅಂದಿನ ಪೇಟೆ ಧಾರಣೆಗಿಂತ ಹೆಚ್ಚಿಗೆ ಹೇಳಿದರು. ಮೊದಲ ಲೋಡು ಚಾಲಿಗೆ ಅದೇ ದಿನ ಹಣ ಬಂತು, ಎರಡನೆಯದಕ್ಕೂ ಬಂತು. ಮೂರನೆಯ ಲೋಡಿಗೆ ಚೆಕ್ಕು ಬಂತು, ಚೆಕ್ಕು ಬೌನ್ಸಾಯಿತು. ಬ್ಯಾಂಕಿನಿಂದ ಚೆಕ್ಕು ವಾಪಸಾದ ತಿಳುವಳಿಕೆ ಬಂದ 30 ದಿನಗಳೊಳಗೆ ನೋಟಿಸು ಕೊಡಬೇಕು, ನೋಟಿಸು ತಲುಪಿ 15 ದಿನಗಳಲ್ಲಿ ಹಣ ಬಾರದಿದ್ದರೆ ದೂರು ಹೂಡಬೇಕು ಎಂಬ ಕಾನೂನನ್ನು ನಾವು ಕಲಿತದ್ದು ಆಗಲೇ. ಕಾನೂನು ಕಲಿತೆವು, ಹಣ ಮಾತ್ರ ಬರಲಿಲ್ಲ. ಆ ಲೋಡಿನಲ್ಲಿ ಹದಿನೇಳು ಸದಸ್ಯರ ಅಡಿಕೆ ಇತ್ತು. ಅವರಲ್ಲಿ ಒಬ್ಬರು ಮಗಳ ಮದುವೆಗೆಂದು ಹಳೆ ಚಾಲಿಯನ್ನು ಎರಡು ವರ್ಷ ಅಟ್ಟದಲ್ಲಿ ಕಾಪಾಡಿಟ್ಟಿದ್ದರು. ಸಂಘ ತನ್ನ ಮೀಸಲು ನಿಧಿಯಿಂದ ಅವರಿಗೆಲ್ಲ ಹಣ ಕೊಟ್ಟಿತೆಂಬುದು ನಿಮಗೆ ಗೊತ್ತಿದೆ. ಆದರೂ ಆ ಹಿರಿಯರು ಕಛೇರಿಯ ಮೆಟ್ಟಿಲ ಮೇಲೆ ಕುಳಿತು, "ಕಾರ್ಯದರ್ಶಿಗಳೇ, ಅವನು ಯಾರು ಅಂತ ಒಬ್ಬರನ್ನಾದರೂ ಕೇಳಿದ್ದಿರಾ?" ಎಂದದ್ದನ್ನು ನಾವು ಮರೆತಿಲ್ಲ. ಕೇಳಿರಲಿಲ್ಲ.

ಈ ಎರಡು ತಪ್ಪುಗಳ ಬೇರು ಒಂದೇ. ಒಂದರಲ್ಲಿ ಯಾರೋ ಮಾಡಿದ ಪಟ್ಟಿಯನ್ನು ನಂಬಿದೆವು, ಇನ್ನೊಂದರಲ್ಲಿ ಪಟ್ಟಿಯೇ ಇಲ್ಲದೆ ಬಂದವರನ್ನು ನಂಬಿದೆವು. ಎರಡರಲ್ಲಿಯೂ ಗಿರಾಕಿಯನ್ನು ಆರಿಸಿದವರು ನಾವಲ್ಲ.

ಮೊದಲು ನಮ್ಮ ಮಾಲಿನ ಪಟ್ಟಿ

ಗಿರಾಕಿಗಳ ಪಟ್ಟಿ ಮಾಡಬೇಕಾದರೆ ಮೊದಲು ನಮ್ಮ ಮಾಲಿನ ಪಟ್ಟಿ ಆಗಬೇಕು. ಹುಡುಗಿಯ ಜಾತಕವೇ ಇಲ್ಲದೆ ವರನನ್ನು ಹುಡುಕಲು ಹೊರಡುವವರುಂಟೆ?

ಕಾಫಿಯಲ್ಲಿ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ – ಇವು ನಾಲ್ಕೂ ಬೇರೆ ಬೇರೆ ಮಾಲು, ನಾಲ್ಕಕ್ಕೂ ಬೇರೆ ಬೇರೆ ಗಿರಾಕಿ. ಅಡಿಕೆಯಲ್ಲಿ ಚಾಲಿ ಒಂದು ದಾರಿ, ಕೆಂಪಡಿಕೆ ಇನ್ನೊಂದು ದಾರಿ. ಕೆಂಪಿನಲ್ಲಿಯೇ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಭೇದಗಳು. ಹಳೆ ಚಾಲಿ ಕೇಳುವ ಗುಜರಾತಿನ ವ್ಯಾಪಾರಿಗೆ ರಾಶಿಯ ಮಾದರಿ ಕಳುಹಿಸಿದರೆ ನಮ್ಮ ಅಜ್ಞಾನ ಪ್ರದರ್ಶನವಾಗುತ್ತದೆಯೇ ಹೊರತು ವ್ಯಾಪಾರವಾಗುವುದಿಲ್ಲ.

ಆದುದರಿಂದ ಒಂದು ಹಾಳೆಯಲ್ಲಿ ಇಷ್ಟು ಬರೆದಿರಬೇಕು: ಯಾವ ಮಾಲು, ಎಷ್ಟು ಚೀಲ, ಯಾವ ತಿಂಗಳಲ್ಲಿ ಸಿದ್ಧ, ತೇವಾಂಶ ಎಷ್ಟು, ಔಟ್‌ಟರ್ನ್ ಎಷ್ಟು. ಪಾರ್ಚ್‌ಮೆಂಟ್ ನೂರಕ್ಕೆ 10, ಅರೇಬಿಕಾ ಚೆರಿ 10.5, ರೊಬಸ್ಟಾ ಚೆರಿ 11ರ ತೇವಾಂಶಕ್ಕೆ ಒಣಗಬೇಕೆಂಬುದು ನಮಗೆಲ್ಲ ತಿಳಿದದ್ದೇ. ಆದರೆ ಅಳೆದು ಬರೆದಿಟ್ಟವರು ಎಷ್ಟು ಜನ? ಬರೆದಿಟ್ಟ ಅಂಕಿಯನ್ನು ನೋಡಿದ ಗಿರಾಕಿ ನಮ್ಮೊಡನೆ ಮಾತಾಡುವ ರೀತಿಯೇ ಬೇರೆ.

ಪ್ರಮಾಣದ ಲೆಕ್ಕ

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮಲ್ಲಿ ಅನೇಕರಿಗೆ ಎಕ್ಸ್‌ಪೋರ್ಟ್ ಎಂದರೆ ಸಾಕು, ಕಣ್ಣು ಅರಳುತ್ತದೆ. 60 ಕಿಲೋ ತೂಕದ 320 ಚೀಲಗಳೆಂದರೆ 19,200 ಕಿಲೋ, ಒಂದು ಸಣ್ಣ ಕಂಟೈನರಿನ ಲೋಡು. 50 ಕಿಲೋ ರೊಬಸ್ಟಾ ಚೆರಿಗೆ 27 ಕಿಲೋ ಬೀಜ ಎಂದು ಹಿಡಿದರೆ ಇದಕ್ಕೆ 711 ಚೀಲ ಚೆರಿ ಬೇಕು. ಅದೂ ಕ್ಯೂರಿಂಗ್‌ನಲ್ಲಿ ಬಂದ ಬೀಜವೆಲ್ಲ ಒಂದೇ ದರ್ಜೆಯದಾದರೆ. ಹಾಗೆ ಎಂದೂ ಆಗುವುದಿಲ್ಲ. ಆದಕಾರಣ ಯೂರೋಪಿನ ಆಮದುದಾರನ ಹೆಸರನ್ನು ಪಟ್ಟಿಯ ಮೊದಲ ಸಾಲಿಗೆ ಬರೆಯುವುದು ನಮ್ಮ ಗಾತ್ರಕ್ಕೆ ಸಲ್ಲದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಈಗ ಹತ್ತಿರದ ಲೆಕ್ಕ ನೋಡಿ. ದಿನಕ್ಕೆ 1,000 ಲೋಟ ಫಿಲ್ಟರ್ ಕಾಫಿ ಮಾರುವ ಒಂದು ಹೋಟೆಲು. ಲೋಟಕ್ಕೆ 10 ಗ್ರಾಂ ಪುಡಿ ಎಂದರೆ ದಿನಕ್ಕೆ 10 ಕಿಲೋ. ಅದರಲ್ಲಿ ಚಿಕೋರಿ ನೂರಕ್ಕೆ 20 ಇದ್ದರೆ ಕಾಫಿ 8 ಕಿಲೋ. ಹುರಿಯುವಾಗ ಆರರಲ್ಲೊಂದು ಪಾಲು ತೂಕ ಹೋಗುತ್ತದೆಂದುಕೊಂಡರೆ ಹುರಿಯದ ಬೀಜ 9.6 ಕಿಲೋ. ತಿಂಗಳಿಗೆ 288 ಕಿಲೋ. ಎಂದರೆ ಚೆರಿಯ ಲೆಕ್ಕದಲ್ಲಿ ಸುಮಾರು 11 ಚೀಲ. ಇಂಥ ಎಂಟು ಹೋಟೆಲುಗಳು ವರ್ಷಕ್ಕೆ ಸಾವಿರ ಚೀಲಕ್ಕೂ ಮಿಕ್ಕಿ ಚೆರಿಯನ್ನು ಕುಡಿದು ಮುಗಿಸುತ್ತವೆ! ಈ ಲೆಕ್ಕವನ್ನು ಮೊದಲ ಸಲ ಹಾಕಿದಾಗ ನಮಗೇ ನಂಬಿಕೆ ಬರಲಿಲ್ಲ, ಮತ್ತೊಮ್ಮೆ ಹಾಕಿ ನೋಡಿದೆವು.

ಆದರೆ ಒಂದು ಎಚ್ಚರಿಕೆ. ಕುಡಿಸುವವನೇ ಕೊಳ್ಳುವವನಲ್ಲ. ಹೋಟೆಲಿನವರು ಚೆರಿಯನ್ನೂ ಕೊಳ್ಳುವುದಿಲ್ಲ, ಹುರಿಯದ ಬೀಜವನ್ನೂ ಕೊಳ್ಳುವುದಿಲ್ಲ, ಪುಡಿ ಕೊಳ್ಳುತ್ತಾರೆ. ಆ ಪುಡಿಯನ್ನು ಯಾರು ಹುರಿದು ಕೊಡುತ್ತಾರೋ ಅವರ ಹೆಸರು ನಮ್ಮ ಪಟ್ಟಿಯಲ್ಲಿರಬೇಕು. ಹೋಟೆಲಿನಲ್ಲಿ ಕಾಫಿ ಕುಡಿದು "ಪುಡಿ ಎಲ್ಲಿಂದ ತರಿಸುತ್ತೀರಿ?" ಎಂದು ಕೇಳುವುದು ಪಟ್ಟಿ ಮಾಡುವ ವಿದ್ಯೆಯ ಮೊದಲ ಪಾಠ.

ಹೆಸರುಗಳು ಎಲ್ಲಿ ಸಿಗುತ್ತವೆ?

ಹಣ ಕೊಟ್ಟು ಕೊಳ್ಳುವ ಪಟ್ಟಿಗಿಂತ ಒಳ್ಳೆಯ ಹೆಸರುಗಳು ನಮ್ಮ ಸುತ್ತಲೇ ಬಿದ್ದಿವೆ.

(1) ಪುಡಿಯ ಪೊಟ್ಟಣ. ಅಂಗಡಿಯಲ್ಲಿ ಮಾರುವ ಕಾಫಿಪುಡಿಯ ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು, ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ನಂಬರು, ಚಿಕೋರಿ ಎಷ್ಟೆಂಬ ವಿವರ ಇರುತ್ತವೆ. ಮಿಶ್ರಣದಲ್ಲಿ ಚಿಕೋರಿ ನೂರಕ್ಕೆ 49ನ್ನು ಮೀರಬಾರದೆಂಬುದು ನಿಯಮ. ಒಂದು ಪೊಟ್ಟಣವನ್ನು ಓದಿದರೆ ಇವರು ಯಾವ ತರಗತಿಯ ಗಿರಾಕಿಗೆ ಪುಡಿ ಮಾಡುತ್ತಾರೆ, ನಮ್ಮ ಮಾಲು ಇವರಿಗೆ ಹೊಂದುತ್ತದೆಯೆ ಎಂಬುದು ಅರ್ಧ ತಿಳಿದುಹೋಗುತ್ತದೆ.

(2) ಕಾಫಿ ಮಂಡಳಿ. ಕಾಫಿ ರಫ್ತು ಮಾಡುವವರು ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಆ ನೋಂದಾಯಿತರ ಹೆಸರುಗಳನ್ನು ಮಂಡಳಿಯಿಂದ ತಿಳಿಯಬಹುದು. ನಾವು ನೇರ ರಫ್ತು ಮಾಡಲಾರೆವು, ಆದರೆ ರಫ್ತುದಾರರಿಗೆ ಮಾರಬಲ್ಲೆವು. ಯೂರೋಪಿನ ಒಕ್ಕೂಟವು 2023ರಲ್ಲಿ ಮಾಡಿದ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ, ತೋಟದ ನೆಲೆಯನ್ನು ನಕ್ಷೆಯ ಅಂಕಿಗಳಲ್ಲಿ ಕೊಡಬೇಕು. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ. ಆದರೂ ಸದಸ್ಯರೆಲ್ಲರ ತೋಟದ ಅಂಕಿಗಳನ್ನು ಒಟ್ಟಿಗೆ ಕೊಡಬಲ್ಲ ಸಂಘವನ್ನು ರಫ್ತುದಾರರು ತಾವಾಗಿ ಹುಡುಕಿಕೊಂಡು ಬರುವ ಕಾಲ ದೂರವಿಲ್ಲ.

(3) ಪ್ರದರ್ಶನಗಳು, ಸಮ್ಮೇಳನಗಳು. 2023ರ ಸೆಪ್ಟೆಂಬರಿನಲ್ಲಿ ವಿಶ್ವ ಕಾಫಿ ಸಮ್ಮೇಳನ ಬೆಂಗಳೂರಿನಲ್ಲಿಯೇ ನಡೆಯಿತು. ನಮ್ಮವರಲ್ಲಿ ಹಲವರು ಹೋಗಿ ಬಂದರು. ಕೈಚೀಲದ ತುಂಬ ಕಾಗದ ತಂದರು, ಒಬ್ಬ ಗಿರಾಕಿಯ ಹೆಸರನ್ನೂ ಬರೆದು ತರಲಿಲ್ಲ. ಇನ್ನು ಮುಂದೆ ಹೋಗುವವರು ನೋಟುಪುಸ್ತಕ ಒಯ್ಯಬೇಕೆಂದು ಪ್ರಾರ್ಥನೆ.

(4) ಲಾರಿ ಆಫೀಸು ಮತ್ತು ಕ್ಯೂರಿಂಗ್ ವರ್ಕ್ಸ್. ಯಾವ ಊರಿಗೆ ಎಂಥ ಮಾಲು ಹೋಗುತ್ತದೆಂಬುದು ಲೋಡು ತುಂಬುವವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಇತರರ ವ್ಯವಹಾರದ ಗುಟ್ಟು ಕೆದಕಬಾರದು. ಊರು ಮತ್ತು ಮಾಲಿನ ಬಗೆ ತಿಳಿದರೆ ಸಾಕು.

(5) ನಮ್ಮ ಮಕ್ಕಳು. ಬೆಂಗಳೂರು, ಮೈಸೂರು, ಚೆನ್ನೈ, ಪುಣೆಗಳಲ್ಲಿ ನಮ್ಮ ಸದಸ್ಯರ ಮಕ್ಕಳಿಲ್ಲದ ಬೀದಿಯಿಲ್ಲ. ಅವರ ಬೀದಿಯಲ್ಲಿ ಯಾವ ಪುಡಿ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆಂದು ಅವರೇ ಹೇಳಬೇಕು.

ಒಂದು ಹೆಸರಿಗೆ ಎಂಟು ಕಲಂ

ಹೆಸರು ಮತ್ತು ಫೋನ್ ನಂಬರು ಮಾತ್ರ ಇದ್ದರೆ ಅದು ಪಟ್ಟಿಯಲ್ಲ, ಟೆಲಿಫೋನ್ ಡೈರೆಕ್ಟರಿ. ನಮ್ಮ ಕಛೇರಿಯ ಪುಸ್ತಕದಲ್ಲಿ ಪ್ರತಿಯೊಂದು ಹೆಸರಿನ ಮುಂದೆ ಎಂಟು ಕಲಂ ಇಟ್ಟಿದ್ದೇವೆ:

1. ಹೆಸರು, ಊರು.
2. ಏನು ವ್ಯವಹಾರ – ಹುರಿಯುವವರೋ, ರಫ್ತುದಾರರೋ, ಅಡಿಕೆ ಸಗಟು ವ್ಯಾಪಾರಿಯೋ.
3. ಯಾವ ಮಾಲು ಬೇಕು.
4. ತಿಂಗಳಿಗೆ ಅಂದಾಜು ಎಷ್ಟು.
5. ಕೊಳ್ಳುವ ತೀರ್ಮಾನ ಯಾರದು, ಯಾವ ಹೊತ್ತಿನಲ್ಲಿ ಸಿಗುತ್ತಾರೆ.
6. ಈ ಹೆಸರು ಎಲ್ಲಿಂದ ಬಂತು, ಯಾವ ತಾರೀಖು.
7. ಪರಿಶೀಲನೆ ಆಯಿತೆ, ಯಾರು ಮಾಡಿದರು.
8. ಏನು ಮಾತಾಯಿತು, ಮತ್ತೆ ಯಾವಾಗ ಮಾತಾಡಬೇಕು.

ಇವುಗಳಲ್ಲಿ ಐದನೆಯದು ಬಹಳ ಮುಖ್ಯ. ಒಂದು ಉದಾಹರಣೆ ಹೇಳುತ್ತೇವೆ. ಮೈಸೂರಿನಲ್ಲಿ ಓದುತ್ತಿರುವ ನಮ್ಮ ಸದಸ್ಯರೊಬ್ಬರ ಮಗಳು ಒಂದು ಪುಡಿ ಅಂಗಡಿಯ ಹೆಸರು ಕೊಟ್ಟಳು. ನಾವು ನಾಲ್ಕು ಸಲ ಫೋನು ಮಾಡಿದೆವು. ಗಲ್ಲೆಯಲ್ಲಿ ಕುಳಿತ ಹುಡುಗ ನಾಲ್ಕು ಸಲವೂ "ಬೇಡ ಸಾರ್" ಎಂದ. ಆಮೇಲೆ ತಿಳಿಯಿತು, ಬೀಜ ಕೊಳ್ಳುವವರು ಆತನ ದೊಡ್ಡಪ್ಪ. ಬೆಳಿಗ್ಗೆ ಐದಕ್ಕೆ ಹುರಿಯಲು ನಿಂತರೆ ಮಧ್ಯಾಹ್ನದವರೆಗೆ ಯಾರಿಗೂ ಸಿಗುವವರಲ್ಲ, ಮೂರು ಗಂಟೆಯ ಮೇಲೆ ಬಿಡುವು. ಮೂರೂವರೆಗೆ ಹೋಗಿ ಕುಳಿತೆವು. ಅವರು ನಮ್ಮ ಬೀಜವನ್ನು ಅಂಗೈಯಲ್ಲಿ ಹರಡಿ, ಮೂಸಿ, ಹೇಳಿದ ಮಾತು ಇದು: "ಮಾಲು ಬೇಡ ಅಂತಲ್ಲ ಸ್ವಾಮಿ. ಈ ವರ್ಷ ಕೊಟ್ಟದ್ದೇ ಮುಂದಿನ ವರ್ಷವೂ ಬರುತ್ತದೋ ಇಲ್ಲವೋ ಅದನ್ನು ಹೇಳಿ. ನನ್ನ ಗಿರಾಕಿಗೆ ರುಚಿ ಬದಲಾಗಬಾರದು."

ರೇಟಿನ ಮಾತು ಬಂದದ್ದು ಅದಾದ ಮೇಲೆ. ಅವರಿಗೆ ಬೇಕಾದದ್ದು ಒಂದೇ ಹದ, ವರ್ಷ ವರ್ಷವೂ. ಇದನ್ನು ನಮಗೆ ಯಾವ ಕೊಂಡ ಪಟ್ಟಿಯೂ ಹೇಳುತ್ತಿರಲಿಲ್ಲ. ಇಂದು ಅವರು ನಮ್ಮ ಖಾಯಂ ಗಿರಾಕಿ.

ಸೋಸುವುದು

ಭತ್ತ ಕೇರುವ ಹಾಗೆ ಹೆಸರನ್ನೂ ಕೇರಬೇಕು. ಹೋದ ವರ್ಷ ನಾವು 74 ಹೆಸರು ಬರೆದೆವು. ಮಾಲು ಹೊಂದದವರು, ಪ್ರಮಾಣ ಹೊಂದದವರು, ಪರಿಶೀಲನೆಯಲ್ಲಿ ನಿಲ್ಲದವರು ಹೋಗಿ 31 ಉಳಿದವು. ಅವರಲ್ಲಿ 12 ಮಂದಿಗೆ ಮಾದರಿ ಕಳುಹಿಸಿದೆವು. ನಾಲ್ವರು ಕೊಂಡರು. ಹತ್ತು ಸಾವಿರ ಹೆಸರಿನಿಂದ ಒಬ್ಬರೂ ಸಿಗಲಿಲ್ಲ, ಎಪ್ಪತ್ತನಾಲ್ಕರಿಂದ ನಾಲ್ವರು ಸಿಕ್ಕರು. ಇದಕ್ಕಿಂತ ಹೆಚ್ಚು ವಾದ ಬೇಡ.

ಪರಿಶೀಲನೆಗೆ ದೊಡ್ಡ ವಿದ್ಯೆಯೇನೂ ಬೇಕಿಲ್ಲ. 2017ರ ಜುಲೈಯಿಂದ ಜಿಎಸ್‌ಟಿ ಬಂದ ಮೇಲೆ ನೋಂದಾಯಿತ ವ್ಯಾಪಾರಿಗಳಿಗೆ 15 ಅಕ್ಷರಗಳ ಒಂದು ನಂಬರಿದೆ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ಕೇರಳ 32, ತಮಿಳುನಾಡು 33, ಮಹಾರಾಷ್ಟ್ರ 27, ಗುಜರಾತ್ 24, ಉತ್ತರ ಪ್ರದೇಶ 09, ದೆಹಲಿ 07. ಮುಂದಿನ ಹತ್ತು ಅಕ್ಷರ ಅವರ ಪ್ಯಾನ್ ನಂಬರು. ಅಹಮದಾಬಾದಿನವನೆಂದು ಹೇಳಿಕೊಂಡು ಬಂದವನು ಬೇರೆ ರಾಜ್ಯದ ನಂಬರು ಕೊಟ್ಟರೆ ಏಕೆಂದು ಕೇಳಲೇಬೇಕು. ಆ ನಂಬರನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿದರೆ ವ್ಯಾಪಾರದ ಹೆಸರು, ನೋಂದಣಿಯಾದ ದಿನ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ರಿಟರ್ನ್ ಸಲ್ಲಿಸುತ್ತಿದ್ದಾರೋ ಇಲ್ಲವೋ ಎಲ್ಲವೂ ಕಾಣುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ, ಎರಡು ನಿಮಿಷದ ಕೆಲಸ. ಆ ಚಾಲಿಯ ಲೋಡು ಹೋಗುವ ಮುನ್ನ ಈ ಎರಡು ನಿಮಿಷ ನಾವು ಖರ್ಚು ಮಾಡಿದ್ದರೆ, ನೋಂದಣಿಯಾಗಿ ಕೆಲವೇ ತಿಂಗಳಾದ ವ್ಯವಹಾರ ಅದೆಂಬುದು ಕಾಣುತ್ತಿತ್ತು.

ಇದರ ಜೊತೆಗೆ ಎರಡು ನಿಯಮಗಳನ್ನು ಆಡಳಿತ ಮಂಡಳಿ ಒಪ್ಪಿದೆ. ಹೊಸ ಗಿರಾಕಿಗೆ ಈ ಹಿಂದೆ ಮಾಲು ಕೊಟ್ಟ ಇಬ್ಬರನ್ನಾದರೂ ವಿಚಾರಿಸದೆ ಮಾಲು ಏರಿಸಕೂಡದು. ಮೊದಲ ಮೂರು ಲೋಡು, ಗಮನಿಸಿ, ಮೂರೂ ಲೋಡು, ಹಣ ಖಾತೆಗೆ ಬಂದ ಮೇಲೆಯೇ ಗೋದಾಮಿನಿಂದ ಹೊರಡಬೇಕು. ಮೋಸ ಮಾಡುವವನು ಮೊದಲ ಲೋಡಿನಲ್ಲಿಯೇ ಮೋಸ ಮಾಡುವುದಿಲ್ಲ, ನಂಬಿಕೆ ಬೆಳೆದ ಮೇಲೆ ಮಾಡುತ್ತಾನೆ.

ಮಾತಾಡಿಸುವ ಕ್ರಮ

ಪಟ್ಟಿ ಸಿದ್ಧವಾದ ಕೂಡಲೇ ಎಲ್ಲರಿಗೂ ಒಂದೇ ಮೆಸೇಜು ಕಳುಹಿಸಿಬಿಡುವ ಚಪಲ ಬರುತ್ತದೆ. ಬೇಡ. ಜಾಹೀರಾತು ಕರೆ ಬೇಡವೆಂದು 1909ಕ್ಕೆ ತಿಳಿಸಿ ನೋಂದಾಯಿಸಿಕೊಂಡವರು ಬಹಳ ಮಂದಿ ಇದ್ದಾರೆ, ವ್ಯಾಪಾರಿಗಳ ಸ್ವಂತ ಮೊಬೈಲೂ ಅದರಲ್ಲಿರಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಗಳ ಪ್ರಕಾರ ಸಾಮಾನ್ಯ ನಂಬರಿನಿಂದ ಹೀಗೆ ರಾಶಿ ರಾಶಿ ಜಾಹೀರಾತು ಕರೆ, ಸಂದೇಶ ಕಳುಹಿಸುವುದು ಸಲ್ಲದು. ವ್ಯಕ್ತಿಗಳ ಸ್ವಂತ ವಿವರಗಳನ್ನು ಮನಬಂದಂತೆ ಬಳಸುವುದಕ್ಕೆ 2023ರಲ್ಲಿ ಬೇರೆಯೇ ಕಾಯಿದೆ ಬಂದಿದೆ. ಕಾನೂನು ಹಾಗಿರಲಿ, ಊಟದ ಹೊತ್ತಿನಲ್ಲಿ ಅಪರಿಚಿತರು ಫೋನು ಮಾಡಿ ಏನನ್ನೋ ಮಾರಲು ಬಂದರೆ ನಮಗೆ ಹೇಗೆನಿಸುತ್ತದೆ? ಅವರಿಗೂ ಹಾಗೆಯೇ.

ಒಬ್ಬೊಬ್ಬರಿಗೂ ಬೇರೆ ಬೇರೆ ಕಾಗದ ಬರೆಯಬೇಕು. ಕಾಗದ ಅರ್ಧ ಪುಟ ಮೀರಬಾರದು. ನಾವು ಯಾರು, ನಿಮ್ಮ ಹೆಸರು ನಮಗೆ ಹೇಗೆ ತಿಳಿಯಿತು, ನಿಮಗೆ ಹೊಂದುವ ಯಾವ ಮಾಲು ನಮ್ಮಲ್ಲಿದೆ, ಎಷ್ಟಿದೆ, ಯಾವಾಗ ಸಿದ್ಧ – ಇಷ್ಟೇ ಇರಲಿ. ನಮ್ಮ ಊರಿನ ಸೌಂದರ್ಯ ವರ್ಣನೆ ಬೇಡ. ವಾರದ ನಂತರ ಒಮ್ಮೆ ಫೋನು. ಒಪ್ಪಿದರೆ ಅರ್ಧ ಕಿಲೋ ಮಾದರಿ, ಅದೇ ಲಾಟಿನಿಂದ ತೆಗೆದದ್ದು. ಆರಿಸಿದ ಬೀಜವನ್ನು ಮಾದರಿಗೆ ಹಾಕಿ ಲೋಡಿನಲ್ಲಿ ಬೇರೆ ಕಳುಹಿಸಿದರೆ ಆ ಗಿರಾಕಿ ಹೋದಂತೆಯೇ, ಅವನೊಡನೆ ಇನ್ನು ಹತ್ತು ಗಿರಾಕಿಗಳೂ ಹೋದಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಅಡಿಕೆ ಬೆಳೆಯುವ ನಮಗೆ ಬೇರೆಯವರು ಹೇಳಿಕೊಡಬೇಕೆ? ಮೂರು ಸಲ ಮಾತಾಡಿಸಿದರೂ ಉತ್ತರ ಬಾರದಿದ್ದರೆ, ಅಥವಾ ಬೇಡವೆಂದರೆ, ಹಾಗೆಂದೇ ಎಂಟನೆಯ ಕಲಮಿನಲ್ಲಿ ಬರೆದು ಬಿಡಬೇಕು. ಬೇಡವೆಂದವರ ಹೆಸರನ್ನು ಅಳಿಸಬಾರದು. ಅಳಿಸಿದರೆ ಮುಂದಿನ ವರ್ಷ ಇನ್ನೊಬ್ಬರು ಮತ್ತೆ ಅವರಿಗೇ ಫೋನು ಮಾಡುತ್ತಾರೆ.

ಪಟ್ಟಿ ಯಾರದು?

ಕೊನೆಯದಾಗಿ, ಹೇಳಲು ಸ್ವಲ್ಪ ಸಂಕೋಚವಾಗುವ ವಿಚಾರ. ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬರು ನೇರವಾಗಿಯೇ ಕೇಳಿದರು: "ಈ ಪಟ್ಟಿ ಸದಸ್ಯರ ಕೈಗೆ ಸಿಕ್ಕಿದರೆ ದೊಡ್ಡ ತೋಟದವರು ಸಂಘವನ್ನು ಬಿಟ್ಟು ನೇರವಾಗಿ ಮಾರುವುದಿಲ್ಲವೆ?" ಮಾರಬಹುದು. ಅದು ಅವರ ಸ್ವಾತಂತ್ರ್ಯವೂ ಹೌದು. ಇನ್ನೊಬ್ಬರು, "ಕಾರ್ಯದರ್ಶಿಗಳೇ ಹೆಸರುಗಳನ್ನೆಲ್ಲ ತಮ್ಮ ಫೋನಿನಲ್ಲಿಟ್ಟುಕೊಂಡರೆ ನಾಳೆ ಅವರು ನಿವೃತ್ತರಾದ ದಿನ ಸಂಘದ ವ್ಯಾಪಾರವೂ ನಿವೃತ್ತವಾಗುತ್ತದೆ" ಎಂದರು. ಆ ಮಾತು ನಮಗೆ ತಾಗಿತು, ಏಕೆಂದರೆ ನಿಜವಾಗಿಯೂ ಆಗ ಅರ್ಧ ಹೆಸರುಗಳು ನಮ್ಮ ಫೋನಿನಲ್ಲಿಯೇ ಇದ್ದವು.

ಆದ್ದರಿಂದ ಹೀಗೆ ತೀರ್ಮಾನವಾಗಿದೆ. ಪಟ್ಟಿಯ ಪುಸ್ತಕ ಕಛೇರಿಯ ಕಪಾಟಿನಲ್ಲಿರುತ್ತದೆ. ಮಾಲನ್ನು ಸಂಘಕ್ಕೆ ಹಾಕುವ ಯಾವ ಸದಸ್ಯರೂ ಬಂದು ನೋಡಬಹುದು. ಗಿರಾಕಿಗಳ ಫೋನ್ ನಂಬರುಗಳ ಪ್ರತಿ ತೆಗೆದು ಹೊರಗೊಯ್ಯುವಂತಿಲ್ಲ, ಅವು ಅವರು ನಮ್ಮನ್ನು ನಂಬಿ ಕೊಟ್ಟವು. ಮೈಸೂರಿನ ಹಿರಿಯರು ಕೇಳಿದ ಪ್ರಶ್ನೆಯನ್ನು ಇಲ್ಲಿ ಮತ್ತೊಮ್ಮೆ ನೆನೆಯೋಣ. ವರ್ಷ ವರ್ಷವೂ ಒಂದೇ ಹದದ ಮಾಲನ್ನು ಮೂರೆಕರೆ ತೋಟದವರು ಒಬ್ಬರೇ ಕೊಡಲಾರರು. ಒಂದು ವರ್ಷ ಹೂಮಳೆ ಕೈಕೊಟ್ಟರೆ ಅವರ ಚೀಲ ಅರ್ಧಕ್ಕಿಳಿಯುತ್ತದೆ. ನೂರಾರು ತೋಟಗಳ ಮಾಲನ್ನು ಕೂಡಿಸಿ ಹದ ಕಾಯಬಲ್ಲದ್ದು ಸಂಘ ಮಾತ್ರ. ಗಿರಾಕಿಯನ್ನು ಹುಡುಕುವುದು ಪಟ್ಟಿಯ ಕೆಲಸ, ಉಳಿಸಿಕೊಳ್ಳುವುದು ಹದದ ಕೆಲಸ. ಮೊದಲನೆಯದನ್ನು ಕಛೇರಿ ಮಾಡಬಹುದು. ಎರಡನೆಯದು ನಿಮ್ಮ ಕಣದಲ್ಲಿ ಆಗಬೇಕು.

ನಿಮ್ಮಲ್ಲಿ ಒಂದು ಕೋರಿಕೆ

ಮುಂದಿನ ಸರ್ವ ಸದಸ್ಯರ ಸಭೆಗೆ ಬರುವಾಗ ಪ್ರತಿಯೊಬ್ಬ ಸದಸ್ಯರೂ ಒಂದು ವಸ್ತು ತರಬೇಕೆಂದು ವಿನಂತಿ: ನಿಮ್ಮ ನೆಂಟರಿಷ್ಟರ ಊರಿನಲ್ಲಿ ಮಾರಾಟವಾಗುವ ಒಂದು ಕಾಫಿಪುಡಿಯ ಖಾಲಿ ಪೊಟ್ಟಣ, ಇಲ್ಲವೆ ಅಡಿಕೆ ಕೊಳ್ಳುವ ಒಬ್ಬ ವ್ಯಾಪಾರಿಯ ಹೆಸರು ಮತ್ತು ಊರು ಬರೆದ ಚೀಟಿ. ಪೊಟ್ಟಣವನ್ನು ಎಸೆಯುವ ಮುಂಚೆ ಒಮ್ಮೆ ತಿರುಗಿಸಿ ಓದಿ. ಅದರ ಹಿಂದೆ ನಮ್ಮ ಮುಂದಿನ ಗಿರಾಕಿಯ ವಿಳಾಸ ಇರಬಹುದು.

ಮೆಟ್ಟಿಲ ಮೇಲೆ ಕುಳಿತು ಪ್ರಶ್ನೆ ಕೇಳಿದ ಆ ಹಿರಿಯರು ಈ ವರ್ಷವೂ ತಮ್ಮ ಚಾಲಿಯನ್ನು ಸಂಘಕ್ಕೇ ಹಾಕಿದ್ದಾರೆ. ಹಾಕುವ ಮುಂಚೆ ಪುಸ್ತಕ ತರಿಸಿ, ಕನ್ನಡಕ ಹಾಕಿಕೊಂಡು, ಏಳನೆಯ ಕಲಂ ಓದಿದರು. ಓದಿ, "ಕೇಳಿದ್ದೀರಿ" ಎಂದರು. ಪ್ರತಿಯೊಬ್ಬ ಸದಸ್ಯರೂ ಹಾಗೆ ಪುಸ್ತಕ ತೆರೆಸಿ ನೋಡಲಿ ಎಂದು ನಮ್ಮ ಅಪೇಕ್ಷೆ.

– ಕಾರ್ಯದರ್ಶಿ